ಅಜ್ಜಿಯ ಹೆಬ್ಬೆಟ್ಟು

ಯಮ ನಮ್ಮ ಕೇರಿಗೆ ಬರಲು ಹೆದರುತ್ತಾನೆ ಎಂಬುದು ನಮ್ಮಜ್ಜಿಯ ಸಿದ್ಧಾಂತವಾಗಿತ್ತು. "ಅವ್ನೂ ಮೇಲ್ಜಾತಿಯೋನೇ ಕಣ್ ಮೊಗ. ಕೋಣ ಹತ್ಕಂಡು ಊರ ಬಾಗ್ಲ ಗಂಟ ಬತ್ತನೆ. ಈ ಮುದ್ಕಿ ಮುಟ್ಟುದ್ರೆ ಮೈಲ್ಗೆ ಆಯ್ತದೆ, ತಿರ್ಗಾ ಸ್ನಾನ ಮಾಡ್ಬೇಕು ಅಂತ ವಾಪಸ್ ಹೊಂಟೋಯ್ತನೆ. ಅದ್ಕೇ ನಾನಿನ್ನೂ ಇವ್ನಿ" ಅನ್ನುತ್ತಿದ್ದಳು. ಹೇಳಿ, ಬಾಯಿಯ ಎಲೆಅಡಿಕೆ ಒಂದು ಪಕ್ಕಕ್ಕೆ ಸರಿಸಿ, ಇದ್ದ ಎರಡು ಹಲ್ಲು ಕಾಣುವಂತೆ ನಗುತ್ತಿದ್ದಳು. 2024ರ ಮಾಗಿ ಚಳಿಯಲ್ಲಿ ಯಮ ಕೊನೆಗೂ ಮೈಲಿಗೆಗೆ ಒಪ್ಪಿಕೊಂಡ. ಎಲೆಅಡಿಕೆ ಸಂಚಿಯನ್ನು ಅವಳ ಜೊತೆಯಲ್ಲೇ ಇಟ್ಟು ಮಣ್ಣು ಮಾಡಿದೆವು.

ಹಾಲು ತುಪ್ಪ ಮುಗಿದ ಮೇಲೆ ಮರಣ ಪತ್ರಕ್ಕೆ ಅರ್ಜಿ ಬರೆಯಬೇಕಾಯಿತು. ಅದರಲ್ಲಿ ವಯಸ್ಸಿನ ಕಲಮು ಇತ್ತು. ಆಧಾರ್ ಕಾರ್ಡಿನಲ್ಲಿ 01-01-1930 ಎಂದಿತ್ತು. ಹುಟ್ಟಿದ ತಾರೀಕು ಗೊತ್ತಿಲ್ಲದವರಿಗೆಲ್ಲ ಸರ್ಕಾರ ಜನವರಿ ಒಂದನ್ನು ಹಂಚಿದೆ. ಆ ಕಾರ್ಡು ಬಂದ ದಿನ ಅಜ್ಜಿ ಕೇರಿಯ ಮುದುಕಿಯರ ಕಾರ್ಡುಗಳನ್ನೆಲ್ಲ ನನ್ನಿಂದ ಓದಿಸಿ ಕೇಳಿದ್ದಳು. ಎಲ್ಲರದೂ ಜನವರಿ ಒಂದೇ. "ಅಯ್ಯೋ, ಕೇರಿಗೆ ಕೇರಿಯೇ ಒಂದೇ ದಿನ ಹುಟ್ಟದಲ್ಲೋ! ಆವತ್ತು ಸೂಲಗಿತ್ತಿ ಎಷ್ಟು ಸುಸ್ತಾಗಿದ್ದಳೋ ಪಾಪ" ಅಂದಳು.

ಅವಳ ಲೆಕ್ಕವೇ ಬೇರೆ ಇತ್ತು. "ದೊಡ್ಡ ಮಾರಾಜ್ರು ತೀರ್ಕಂಡ ವರ್ಷ ನಾನು ಮೈನೆರ್ದಿದ್ದು" ಅನ್ನುತ್ತಿದ್ದಳು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು. ಆಗ ಇವಳಿಗೆ ಹದಿಮೂರು ಎಂದಿಟ್ಟುಕೊಂಡರೂ ಹುಟ್ಟಿದ್ದು 1927ರ ಸುಮಾರಿಗೆ. ನಾವು ಕಾರ್ಡಿನಲ್ಲಿ ಇದ್ದುದನ್ನೇ ಬರೆದು ಸಹಿ ಹಾಕಿ ಬಂದೆವು. ಮೂರು ವರ್ಷ ಲೆಕ್ಕಕ್ಕೆ ಸಿಗದೆ ಹೋಯಿತು. ಇದ್ದಿದ್ದರೆ ಅದನ್ನು ಯಾರು ತಿಂದರು ಎಂದು ಕೇಳದೆ ಬಿಡುತ್ತಿರಲಿಲ್ಲ.

ಮೈಸೂರಿನಿಂದ ಹುಣಸೂರಿಗೆ ಹೋಗುವ ದಾರಿಯಲ್ಲಿ ಬಿಳಿಕೆರೆ ಸಿಗುತ್ತದೆ. ಅಲ್ಲಿ ಬಲಕ್ಕೆ ಒಡೆಯುವ ರಸ್ತೆ ಕೆ.ಆರ್. ನಗರದ ಮೇಲೆ ಹಾಸನಕ್ಕೆ ಹೋಗುತ್ತದೆ. ಆ ಹೋಬಳಿಯ ಒಂದು ಹಳ್ಳಿಯ ಕೇರಿ ನಮ್ಮದು. ಅಜ್ಜಿಯ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅಂಥ ಅಜ್ಜಿಯರು ಆ ಸೀಮೆಯಲ್ಲಿ ಕೇರಿಗೆ ಹತ್ತು ಜನ ಸಿಗುತ್ತಾರೆ. ಅರಮನೆಗೆ ಚರಿತ್ರೆ ಇದೆ, ದಿವಾನರಿಗೆ ಇದೆ, ಕಟ್ಟೆ ಕಟ್ಟಿಸಿದವರಿಗೆ ಇದೆ. ಕೇರಿಯವರು ಕಾಗದದೊಳಗೆ ಬರುವುದು ಸಾಲಗಾರರಾಗಿ, ಇಲ್ಲವೆ ಆರೋಪಿಗಳಾಗಿ. ಕೇರಿಯ ಹೆಂಗಸು ಅಷ್ಟಕ್ಕೂ ಬರುವುದಿಲ್ಲ. ಹಾಗಾದರೆ ಅವಳ ಚರಿತ್ರೆಯನ್ನು ಎಲ್ಲಿಂದ ತೆಗೆಯಬೇಕು? ಅಜ್ಜಿ ನಗಿಸಿದ ಮಾತುಗಳು ನನಗೆ ನೆನಪಿವೆ. ಆ ಮಾತುಗಳ ಪಕ್ಕದಲ್ಲಿ ಇಸವಿಗಳನ್ನು ಇಟ್ಟು ನೋಡುವುದಷ್ಟೇ ನಾನಿಲ್ಲಿ ಮಾಡುತ್ತಿರುವ ಕೆಲಸ.

ಅವಳ ನೆನಪು ಅವಳ ಹುಟ್ಟಿಗಿಂತ ಹಿಂದಕ್ಕೂ ಹೋಗುತ್ತಿತ್ತು. ಅದು ಅವಳ ಅತ್ತೆಯಿಂದ ಬಂದ ಆಸ್ತಿ. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಇಲಿ ಬಿದ್ದ ಊರುಗಳನ್ನು ಜನ ಖಾಲಿ ಮಾಡಿ ಹೊಲಗಳಲ್ಲಿ ಗುಡ್ಲು ಹಾಕಿಕೊಂಡರು. ತೊಟ್ಟಿ ಮನೆಯವರು ಸೋಗೆಯ ಕೆಳಗೆ ಮಲಗಿದರು. ಅದರ ಬಗ್ಗೆ ಅಜ್ಜಿ ಹೇಳುತ್ತಿದ್ದುದು ಇಷ್ಟೇ: "ಆ ವರ್ಷ ಊರೇ ಕೇರಿ ಆಗಿತ್ತಂತೆ. ಕೇರಿಲಿ ಬದುಕದು ಹೆಂಗೆ ಅಂತ ನಮ್ಮತ್ತೇನ ಕೇಳ್ಬೇಕಾಗಿತ್ತು, ಯಾರೂ ಕೇಳ್ನಿಲ್ಲ."

1918ರಲ್ಲಿ ಮಹಾರಾಜರು ಮಿಲ್ಲರ್ ಸಮಿತಿ ನೇಮಿಸಿದರು. ಮರುವರ್ಷ ವರದಿ ಬಂತು. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಬೇಕೆಂಬ ಮಾತು ಮೈಸೂರಿನ ಕಾಗದಪತ್ರಕ್ಕೆ ಬಂದದ್ದು ಹೀಗೆ. ಅದಾಗಿ ಹದಿನೈದಿಪ್ಪತ್ತು ವರ್ಷಕ್ಕೆ ನಮ್ಮಜ್ಜಿಯೂ ಶಾಲೆಗೆ ಹೋದಳು, ಸಗಣಿ ಆಯುವುದಕ್ಕೆ. ಒಳಗೆ ಮೇಷ್ಟ್ರು ಹುಡುಗರ ಬಾಯಲ್ಲಿ ಮಗ್ಗಿ ಹೇಳಿಸುತ್ತಿದ್ದರು. ಇವಳು ಹೊರಗೆ ಕುಕ್ಕೆ ಹಿಡಿದು ನಿಧಾನಕ್ಕೆ ಬಾಚುತ್ತಿದ್ದಳು. ಹದಿನಾರರ ಮಗ್ಗಿವರೆಗೆ ಕಲಿತಳು. ಹದಿನೇಳರ ಮಗ್ಗಿ ಯಾಕೆ ಬರಲ್ಲ ಅಂದರೆ "ಅಷ್ಟೊತ್ಗೆ ಸಗಣಿ ಮುಗ್ದೋಗದು" ಅನ್ನುತ್ತಿದ್ದಳು. ಅಕ್ಷರ ಬರಲಿಲ್ಲ. ಆದರೆ ಅಂಗಡಿಯವರಾಗಲಿ ಬಡ್ಡಿಯವರಾಗಲಿ ಅವಳಿಗೆ ಲೆಕ್ಕದಲ್ಲಿ ಮೋಸ ಮಾಡಿದ್ದನ್ನು ನಾನು ಕಾಣೆ.

ಮದುವೆಯಾಗಿ ಬಂದದ್ದು ತೋಟಿ ಮನೆತನಕ್ಕೆ. ಊರಿನ ತೋಟಿಕೆ ತಾತನ ಸರದಿ. ಸಾವಿನ ಸುದ್ದಿ ಪರಸ್ಥಳಕ್ಕೆ ಮುಟ್ಟಿಸುವುದು, ಡಂಗುರ ಸಾರುವುದು, ಅಮಲ್ದಾರರು ಬಂದರೆ ಓಡಾಡುವುದು, ಕಂದಾಯ ವಸೂಲಿಗೆ ಜೊತೆ ಹೋಗುವುದು. ದಾಖಲೆಯಲ್ಲಿ ಇವೆಲ್ಲ ತೋಟಿಯ ಕೆಲಸ. ಚಾವಡಿ ಗುಡಿಸುವುದು, ಬಂದ ಅಧಿಕಾರಿಗೆ ಸೌದೆ ಹೊರುವುದು, ಗಂಡನಿಗೆ ಜ್ವರ ಬಂದರೆ ಕತ್ತಲಲ್ಲಿ ಎರಡು ಹರದಾರಿ ನಡೆದು ಸಾವಿನ ಸುದ್ದಿ ಹೇಳಿ ಬರುವುದು ಅಜ್ಜಿಯ ಪಾಲಿಗೆ ಬಿದ್ದ ಕೆಲಸ. ಇದು ಯಾವ ದಾಖಲೆಯಲ್ಲೂ ಇಲ್ಲ.

1961ರಲ್ಲಿ ಗ್ರಾಮ ಕಚೇರಿಗಳ ರದ್ದಿಯಾತಿ ಕಾಯ್ದೆ ಆಯಿತು. 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ, ತೋಟಿಕೆ, ತಳವಾರಿಕೆ ಎಲ್ಲ ಕಾಯ್ದೆ ಪ್ರಕಾರ ಹೋದವು. ತಾತ ಒಂದು ವಾರ ಜಗಲಿ ಬಿಟ್ಟು ಏಳಲಿಲ್ಲವಂತೆ. ಅಜ್ಜಿ ಮಾತ್ರ ಬೆಳಗಾಗೆದ್ದು ಚಾವಡಿ ಗುಡಿಸಲು ಹೊರಟಳು. ಯಾಕೆ ಹೋದೆ ಎಂದು ನಾನು ಒಮ್ಮೆ ಕೇಳಿದ್ದೆ. "ಸರ್ಕಾರ ನಿಮ್ಮ ತಾತನ ಕೆಲ್ಸ ಕೊಟ್ಟಿತ್ತು, ತೆಗೀತು. ನನ್ನ ಕೆಲ್ಸ ಯಾರೂ ಕೊಟ್ಟೇ ಇರ್ನಿಲ್ಲ. ಅದ್ಕೆ ಯಾರೂ ತೆಗೀನಿಲ್ಲ" ಅಂದಳು. ನಾನು ಓದಿದ ಯಾವ ಕಾಯ್ದೆ ಪುಸ್ತಕದಲ್ಲೂ ಈ ಮಾತಿಗೆ ಉತ್ತರ ಇಲ್ಲ.

ಆಮೇಲೆ ಬಂದದ್ದು ಅರಸು ಕಾಲ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು. ನಮ್ಮ ಕಡೆಯ ಜನಕ್ಕೆ ಅವರು 'ನಮ್ಮೋರು'. ಭೂಸುಧಾರಣೆ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಉಳುತ್ತಿದ್ದವನಿಗೆ ಭೂಮಿಯ ಒಡೆತನ ಕೊಡಲು ನ್ಯಾಯಮಂಡಳಿಗಳು ಕುಳಿತವು. ಎಷ್ಟೋ ಸಂಸಾರ ಅದರಿಂದ ತಲೆ ಎತ್ತಿದವು. ಆ ಉಪಕಾರವನ್ನು ಮರೆಯುವವನು ನಾನಲ್ಲ. ಆದರೆ ಕೇರಿಯ ಹೆಚ್ಚು ಜನ ಗೇಣಿದಾರರೂ ಆಗಿರಲಿಲ್ಲ. ಅವರು ಬರೀ ಕೂಲಿಗಳು. ಕೂಲಿಗೆ ಗೇಣಿ ಚೀಟಿ ಎಲ್ಲಿಂದ ಬರಬೇಕು?

ಆ ದಿನಗಳಲ್ಲಿ ಒಂದು ಸಂಜೆ ಜೀಪಿನಲ್ಲಿ ಬಂದವರು 'ಉಳುವವನೇ ಹೊಲದೊಡೆಯ' ಎಂದು ಮೈಕಿನಲ್ಲಿ ಕೂಗಿಕೊಂಡು ಹೋದರು. ಅಜ್ಜಿ ಆಗತಾನೆ ಕಳೆ ಕಿತ್ತು ಬಂದು ಕಾಲು ತೊಳೆಯುತ್ತಿದ್ದಳು. "ಉಳೋನು ಸರಿ. ಕಳೆ ಕೀಳೋಳು?" ಅಂದಳು. ಜಗಲಿಯಲ್ಲಿದ್ದ ಗಂಡಸರೆಲ್ಲ ನಕ್ಕರು. ಹತ್ತು ವರ್ಷದ ನಾನೂ ನಕ್ಕೆ. ಅದು ನಗುವ ಮಾತಲ್ಲವೆಂದು ನನಗೆ ತಿಳಿದದ್ದು ಬಹಳ ತಡವಾಗಿ. ನೇಗಿಲು ಹಿಡಿಯುವವನು ವರ್ಷಕ್ಕೆ ಕೆಲವು ದಿನ ಹೊಲದಲ್ಲಿರುತ್ತಾನೆ. ನಾಟಿ ಹಾಕುವವಳು, ಕಳೆ ಕೀಳುವವಳು, ಕೊಯ್ಯುವವಳು, ಕೇರುವವಳು ಉಳಿದ ದಿನವೆಲ್ಲ ಇರುತ್ತಾಳೆ. ಆ ಘೋಷಣೆಯ ವ್ಯಾಕರಣದಲ್ಲಿ ಅವಳಿಗೆ ಜಾಗವಿರಲಿಲ್ಲ.

ನಮ್ಮ ಚಿಕ್ಕಪ್ಪ ಜೀತಕ್ಕಿದ್ದ. ಅತ್ತೆಯ ಮದುವೆಗೆ ತಂದ ಸಾಲಕ್ಕೆ ಅವನನ್ನು ಬಿಟ್ಟಿದ್ದರು. ಸಾಲ ಎಷ್ಟು, ಬಡ್ಡಿ ಎಷ್ಟು, ಅವನು ದುಡಿದು ತೀರಿಸಿದ್ದು ಎಷ್ಟು ಎಂದು ಅಜ್ಜಿ ಗೋಡೆಯ ಮೇಲೆ ಇದ್ದಿಲಲ್ಲಿ ಗೀರು ಹಾಕಿಟ್ಟಿದ್ದಳು. ಅವಳ ಮಗ್ಗಿಯ ಪ್ರಕಾರ ಸಾಲ ಯಾವತ್ತೋ ತೀರಿತ್ತು. ಧಣಿಗಳ ಪುಸ್ತಕದ ಪ್ರಕಾರ ಅದು ಬೆಳೆದಿತ್ತು. 1975ರ ಅಕ್ಟೋಬರಿನಲ್ಲಿ ಜೀತ ರದ್ದತಿಯ ಸುಗ್ರೀವಾಜ್ಞೆ ಬಂತು, 1976ರಲ್ಲಿ ಕಾಯ್ದೆಯಾಯಿತು. ಅದೇ 1976ರಲ್ಲಿ ಬಡವರ ಸಾಲ ಮನ್ನಾ ಮಾಡುವ ಋಣ ಪರಿಹಾರ ಕಾಯ್ದೆಯನ್ನೂ ಅರಸು ಸರ್ಕಾರ ತಂದಿತು. ಚಿಕ್ಕಪ್ಪ ಮನೆಗೆ ಬಂದ.

ಅಜ್ಜಿ ಹನ್ನೊಂದನೆಯ ದಿನಕ್ಕೆ ಸಾಲಕ್ಕೆ ತಿಥಿ ಮಾಡಿದಳು. ಹೌದು, ತಿಥಿಯೇ. ಮುದ್ದೆ, ಉಪ್ಪೆಸರು ಮಾಡಿ ಕೇರಿಯವರನ್ನು ಕರೆದು, "ಸಾಲಪ್ಪ ಸತ್ತೋದ, ಅವ್ನ ಆತ್ಮಕ್ಕೆ ಶಾಂತಿ ಸಿಗ್ಲಿ, ತಿರ್ಗಾ ನಮ್ಮನೇಲಿ ಹುಟ್ದೆ ಇರ್ಲಿ" ಎಂದು ಎಡೆ ಇಟ್ಟಳು. ಜನ ಹೊಟ್ಟೆ ಹಿಡಿದು ನಕ್ಕರು. ಆ ನಗು ಊರೊಳಕ್ಕೂ ಕೇಳಿಸಿತು. ಆ ಬೆಳೆಯಿಡೀ ನಮ್ಮ ಮನೆಯವರನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಬದುವಿನ ಅಣ್ಣೆಸೊಪ್ಪು, ಬೆರಕೆಸೊಪ್ಪು ತಿಂದುಕೊಂಡು ಕಳೆದೆವು. ಹಸಿವಿನಿಂದ ಅಳುತ್ತಿದ್ದ ನಮಗೆ ಅಜ್ಜಿ "ತಿಥಿ ಊಟ ಜಾಸ್ತಿ ಉಂಡ್ರಿ, ಈಗ ಅರಗಿಸ್ಕೊಳ್ಳಿ" ಅನ್ನುತ್ತಿದ್ದಳು. ಅವಳು ಆ ದಿನಗಳಲ್ಲಿ ರಾತ್ರಿ ಉಣ್ಣುತ್ತಿರಲಿಲ್ಲ ಎಂಬುದನ್ನು ನನ್ನವ್ವ ಹೇಳಿದ್ದು ಮೊನ್ನೆ, ಅಜ್ಜಿ ಸತ್ತ ಮೇಲೆ.

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಗಲಾಟೆ ಎದ್ದಿತು, ಹಾಸ್ಟೆಲುಗಳಲ್ಲಿದ್ದ ದಲಿತ ಹುಡುಗರ ಮೇಲೆ ಹಲ್ಲೆಗಳಾದವು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಅಪ್ಪ ಪೇಪರು ಓದಿ ಹೇಳಿದಾಗ ಅಜ್ಜಿಗೆ ಅರ್ಥವೇ ಆಗಲಿಲ್ಲ. "ಬೂಸಾ ಅಂದ್ರೆ ಬಯ್ಗುಳ್ವಾ? ನಮ್ಮೆಮ್ಮೆ ಅದ್ನೇ ತಿಂದು ಹಾಲು ಕೊಡ್ತದೆ. ಇವ್ರು ತಿಂದಿದ್ದೇನು, ಕೊಟ್ಟಿದ್ದೇನು?" ಆ ಗಲಾಟೆಯ ಕಾವಿನಲ್ಲೇ ದಲಿತ ಸಂಘರ್ಷ ಸಮಿತಿ ಬೆಳೆಯಿತು. 1979ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಸಮ್ಮೇಳನ ಸೇರಿದರು. ಎಂಬತ್ತರ ದಶಕಕ್ಕೆ ನಾನು ಹೆಗಲಿಗೆ ಚೀಲ ಹಾಕಿ ಜಾಥಾಗಳಿಗೆ ಹೊರಟೆ. ರಾತ್ರಿ ಮನೆಗೆ ಬಂದು ತಮ್ಮಂದಿರ ಮುಂದೆ ಕ್ರಾಂತಿ ಬರುತ್ತದೆ, ಕ್ರಾಂತಿ ಬಂದೇ ಬರುತ್ತದೆ ಎಂದು ಭಾಷಣ ಮಾಡುತ್ತಿದ್ದೆ. ಅಜ್ಜಿ ಒಲೆ ಮುಂದಿನಿಂದ ಕೇಳಿದಳು: "ಯಾವೂರೋಳ್ಲಾ ಆ ಕ್ರಾಂತಿ? ಬತ್ತಳೆ ಬತ್ತಳೆ ಅಂತ ಒಂದೇ ಸಮ ಬಡ್ಕತಿಯಲ್ಲ. ಬರೋ ದಿನ ಒಸಿ ಮುಂಚೆ ಹೇಳು. ಹಿಟ್ಟಿಲ್ದೆ ಇದ್ರೆ ಮರ್ಯಾದೆ ಹೋಯ್ತದೆ."

ಆಗ ನನಗೆ ಸಿಟ್ಟು ಬಂದಿತ್ತು. ಮುದುಕಿಗೆ ರಾಜಕೀಯ ಪ್ರಜ್ಞೆ ಇಲ್ಲ ಅಂದುಕೊಂಡೆ. ಅದೇ ಹೊತ್ತಿನಲ್ಲಿ ಅವಳು ದಿನವಿಡೀ ಬೇರೆಯವರ ಹೊಗೆಸೊಪ್ಪಿನ ಬ್ಯಾರನ್ನಿನ ಮುಂದೆ ಕೂತು ಎಲೆಗಳನ್ನು ಕಡ್ಡಿಗೆ ಕಟ್ಟಿ ಬರುತ್ತಿದ್ದಳು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಹೊಗೆಸೊಪ್ಪು ಹಬ್ಬಿದ ಕಾಲ ಅದು. ಕೈಗೆ ಅಂಟಿದ ಕಪ್ಪು ಅಂಟು ಎಷ್ಟು ಉಜ್ಜಿದರೂ ಹೋಗದೆ ಮುದ್ದೆ ಕಹಿಯಾಗುತ್ತಿತ್ತು. ನನ್ನ ಬಸ್ ಚಾರ್ಜು ಆ ಕೈಯಿಂದಲೇ ಬರುತ್ತಿತ್ತು.

ಈಗ ಜಮೀನಿನ ವಿಷಯಕ್ಕೆ ಬರುತ್ತೇನೆ. 1956ರಲ್ಲಿ ತಾತನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಖುಷ್ಕಿ ಮಂಜೂರಾಗಿತ್ತು. ಪರಭಾರೆ ಮಾಡಕೂಡದು ಎಂಬ ಷರತ್ತಿತ್ತು. 1962ರಲ್ಲಿ, ಮಳೆ ಕೈಕೊಟ್ಟ ಒಂದು ವರ್ಷ, ತಾತ ಅದನ್ನು ಕ್ರಯ ಮಾಡಿಕೊಟ್ಟುಬಿಟ್ಟ. ತಾತ ಸತ್ತದ್ದು 1971ರಲ್ಲಿ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ ಆದದ್ದು 1978ರಲ್ಲಿ. ಜನರ ಬಾಯಲ್ಲಿ ಅದು ಪಿ.ಟಿ.ಸಿ.ಎಲ್. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಮಾರಿದ್ದರೆ, ಆ ಮಾರಾಟ ಕಾಯ್ದೆಗೆ ಮುಂಚಿನದಾದರೂ ಅಸಿಂಧು. ಜಮೀನು ಮೂಲ ಮಂಜೂರಿದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ವಾಪಸ್ ಬರಬೇಕು. ಆದರೆ ತೋಟಿಕೆಯಂಥ ವಂಶಪಾರಂಪರ್ಯದ ಕೆಲಸಕ್ಕೆ ಬಿಟ್ಟಿದ್ದ ಇನಾಮು ಭೂಮಿಯನ್ನು ಆ ಕಾಯ್ದೆ ತನ್ನ ವ್ಯಾಖ್ಯೆಯಿಂದ ಹೊರಗಿಟ್ಟಿತು. ತಲೆಮಾರುಗಟ್ಟಲೆ ಡಂಗುರ ಹೊಡೆದು ಗಳಿಸಿದ ತುಂಡು ಹೀಗೆ ಹೋಯಿತು. ದರಖಾಸ್ತಿನ ಎರಡು ಎಕರೆಗೆ ಮಾತ್ರ ಅಪ್ಪ, ಚಿಕ್ಕಪ್ಪ ಅರ್ಜಿ ಹಾಕಿದರು. 1984ರಲ್ಲಿ ಸುಪ್ರೀಂ ಕೋರ್ಟು ಮಂಚೇಗೌಡ ಮೊಕದ್ದಮೆಯಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಅದಾದ ಮರುವರ್ಷ ನಮ್ಮ ವಿಚಾರಣೆ ಬಂತು. ಅಜ್ಜಿಯನ್ನು ಸಾಕ್ಷಿಗೆ ಕರೆದುಕೊಂಡು ಹೋದವನು ನಾನು.

ಎದುರು ವಕೀಲರು ವಯಸ್ಸು ಕೇಳಿದರು. "ನಿಮಗೆಷ್ಟು ಬೇಕೋ ಅಷ್ಟು ಬರ್ಕೊಳಿ ಸ್ವಾಮಿ, ನಿಮ್ಮ ಗಂಟೇನು ಹೋಯ್ತದೆ" ಅಂದಳು. ಲೆಕ್ಕ ಬರುತ್ತದೋ, ಎರಡು ಎಕರೆ ಅಂದರೆ ಎಷ್ಟು ಗುಂಟೆ ಹೇಳು ನೋಡೋಣ ಅಂದರು. "ಎಂಬತ್ತು. ನೀವು ಇಸ್ಕೂಲ ಒಳ್ಗೆ ಕಲ್ತ್ರಿ, ನಾನು ಸಗಣಿ ಬಾಚ್ತಾ ಹೊರ್ಗೆ ಕಲ್ತೆ. ನಲವತ್ತೆರಡ್ಲಿ ಎರಡು ಕಡೇಲೂ ಎಂಬತ್ತೇ ಬುದ್ಧಿ." ಸಾಹೇಬರೇ ಮುಖ ತಿರುಗಿಸಿ ನಕ್ಕರು. ಚೆಕ್ಕುಬಂದಿ ಕೇಳಿದಾಗ ಮಾತ್ರ ಅವಳು ನಗಲಿಲ್ಲ. "ಮೂಡ್ಲಿಗೆ ಗಾಡಿ ದಾರಿ. ಪಡುವ್ಲಿಗೆ ಹಳ್ಳ. ತೆಂಕ್ಲಿಗೆ ಹುಣಿಸೇ ಮರ. ಬಡಗ್ಲಿಗೆ ನಾನು ಬಸರಿಲಿ ಆರಿಸಿ ಹಾಕಿರೋ ಕಲ್ಲಿನ ಸಾಲು. ಬನ್ನಿ, ಅವು ಈಗ್ಲೂ ಅವೆ." ಹೇಳಿಕೆಯ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಹೊಗೆಸೊಪ್ಪಿನ ಅಂಟಿಗೆ ಗೆರೆಗಳೇ ಮೂಡಲಿಲ್ಲ. ಮೂರು ಸಲ ಒತ್ತಿಸಬೇಕಾಯಿತು.

ಜಮೀನು ವಾಪಸ್ ಬಂತು. ಇಂಥ ತೀರ್ಪು ಸಿಕ್ಕಿದ್ದು ನಮ್ಮ ಪುಣ್ಯ. ಆಮೇಲಿನ ವರ್ಷಗಳಲ್ಲಿ ತಡವಾಗಿ ಅರ್ಜಿ ಹಾಕಿದ ಎಷ್ಟೋ ಬಡವರು ಸೋತರು. 2017ರಲ್ಲಿ ಸುಪ್ರೀಂ ಕೋರ್ಟು, ಇಂಥ ಅರ್ಜಿಗಳು ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ಅದನ್ನು ಸರಿಪಡಿಸಲು ಧರಣಿ ಕೂರಬೇಕಾಯಿತು. 2023ರಲ್ಲಿ ವಿಧಾನಮಂಡಲ ಕಾಲಮಿತಿ ಅನ್ವಯಿಸದಂತೆ ತಿದ್ದುಪಡಿ ತಂದಿತು. ಗೆಳೆಯರೇ, ಇದನ್ನೆಲ್ಲ ನಾವು ಸಭೆಗಳಲ್ಲಿ ಹೇಳುತ್ತೇವೆ, ಬರೆಯುತ್ತೇವೆ. ಬರೆಯದೆ ಬಿಟ್ಟ ಒಂದು ವಿಷಯವಿದೆ. ಅದು ನಮ್ಮ ಮನೆಯೊಳಗಿನದು.

ಜಮೀನು ವಾಪಸ್ ಬಂದ ಮೇಲೆ ಪಹಣಿಯಲ್ಲಿ ಎರಡು ಹೆಸರು ಕೂತವು, ಅಪ್ಪನದು ಮತ್ತು ಚಿಕ್ಕಪ್ಪನದು. ಅಜ್ಜಿಯ ಹೆಸರಿಲ್ಲ. ಮೂವರು ಅತ್ತೆಯರ ಹೆಸರೂ ಇಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ, ಉಯಿಲು ಬರೆಯದೆ ಸತ್ತವನ ಸ್ವಂತ ಆಸ್ತಿಯಲ್ಲಿ ಹೆಂಡತಿಗೂ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲಿದೆ. 1994ರಲ್ಲಿ ಕರ್ನಾಟಕ, 2005ರಲ್ಲಿ ಕೇಂದ್ರ, ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟವು. ಕಾಯ್ದೆ ಓದಿದವನು ಮನೆಯಲ್ಲಿ ನಾನೊಬ್ಬ. ನಾನು ಬಾಯಿ ಬಿಡಲಿಲ್ಲ. ಸುಮ್ಮನಿದ್ದುದಕ್ಕೆ ಕಾರಣವೂ ಇತ್ತು: ಅಪ್ಪನ ಪಾಲು ಮುಂದೆ ನನ್ನದು. ಅಜ್ಜಿ ಪಹಣಿ ಓದಿಸಿ ಕೇಳಿದಳು. ಕೇಳಿ, ತನ್ನ ಹೆಬ್ಬೆಟ್ಟು ನೋಡಿಕೊಂಡು, "ಇದು ಕೋರ್ಟಿಗೆ ಬೇಕು, ಪಾಣಿಗೆ ಬ್ಯಾಡ" ಅಂದಳು. ನಾವೆಲ್ಲ ಆವತ್ತೂ ನಕ್ಕೆವು.

ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರಿನಲ್ಲೇ ತೀರಿಕೊಂಡರು. ಒಬ್ಬ ಅಜ್ಜಿಯ ಕೆಲಸ ದಾಖಲಾಯಿತೆಂದು ಸಂತೋಷಪಡೋಣ. ಆದರೆ ನಮ್ಮ ಕೇರಿಗಳ ಅಜ್ಜಿಯರಿಗೆ ಬೇಕಾಗಿದ್ದುದು ಪದಕವಲ್ಲ, ಪಹಣಿಯಲ್ಲಿ ಒಂದು ಸಾಲು. ಅದನ್ನು ಕೊಡದೆ ಇದ್ದವರು ಬರೀ ಧಣಿಗಳಲ್ಲ, ನಾವೂ ಹೌದು. ಊರು ನಮ್ಮನ್ನು ಹೊರಗಿಟ್ಟಿದ್ದನ್ನು ಚರಿತ್ರೆ ಅನ್ನುತ್ತೇವೆ. ನಮ್ಮ ಹೆಂಗಸರನ್ನು ನಾವು ಹೊರಗಿಟ್ಟಿದ್ದಕ್ಕೆ ಸಂಪ್ರದಾಯ ಅನ್ನುತ್ತೇವೆ.

ತಿಥಿಯ ದಿನ ಊಟವಾದ ಮೇಲೆ ಮಾತು ತೆಗೆದೆ. ಅಜ್ಜಿಗೆ ಸಿಗಬೇಕಾಗಿದ್ದ ಪಾಲು ಸಿಗಲಿಲ್ಲ, ಈಗಲಾದರೂ ಅತ್ತೆಯರ ಹೆಸರು ಸೇರಿಸಿ ಖಾತೆ ಮಾಡಿಸೋಣ ಅಂದೆ. ಮೊದಲು ಬೇಡ ಅಂದವರು ಅತ್ತೆಯರೇ. "ನಮಗ್ಯಾಕಪ್ಪ, ಎರಡೆಕರೆಗೆ ತವರು ತಪ್ಪೋದಾತು" ಅಂದರು. ಚಿಕ್ಕಪ್ಪ ಎದ್ದು ಹೊರಗೆ ಹೋದ. ಜೀತದಿಂದ ಬಂದವನು ಅವನು. ಆ ಜಮೀನೇ ಅವನ ಬದುಕು. ಅವನ ಸಂಕಟ ನನಗೆ ಗೊತ್ತು. ಆದರೆ ಅವನನ್ನು ಜೀತಕ್ಕೆ ಬಿಟ್ಟದ್ದು ಅಕ್ಕನ ಮದುವೆಗೆ, ಆ ಅಕ್ಕ ಗೇಯ್ದದ್ದೂ ಆ ಹೊಲದಲ್ಲೇ. ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಎಂಬತ್ತು ಮುಟ್ಟಿದ ಅಪ್ಪ, "ಬಡಗಣ ಬದೀನ ಕಲ್ಲೆಲ್ಲ ಅವ್ವ ಹಾಕಿದ್ದು. ನಾನು ನೋಡಿವ್ನಿ" ಎಂದು ಅರ್ಜಿಗೆ ಸಹಿ ಹಾಕಿದ.

ಅರ್ಜಿ ನನ್ನ ಚೀಲದಲ್ಲಿದೆ. ಐದು ಹೆಸರು ಬರೆದಿದ್ದೇನೆ, ಅಪ್ಪನ ಸಹಿ ಒಂದೇ ಇದೆ. ಚಿಕ್ಕಪ್ಪ "ನೋಡಾನ" ಅಂದಿದ್ದಾನೆ. ದೊಡ್ಡತ್ತೆ ಮೊನ್ನೆ ಫೋನು ಮಾಡಿ, ಸಹಿ ಹಾಕಬೇಕಾ, ಹೆಬ್ಬೆಟ್ಟು ನಡೀತದಾ ಎಂದು ಕೇಳಿದಳು. ನಡೀತದೆ ಅತ್ತೆ, ಬಾ ಅಂದೆ.

ಇದನ್ನು ಓದುವ ಮೇಷ್ಟ್ರುಗಳು, ಹುಡುಗರು ಒಂದು ಕೆಲಸ ಮಾಡಿ. ಮನೆಯಲ್ಲಿ ಅಜ್ಜಿ ಇದ್ದರೆ ಹತ್ತಿರ ಕೂತು ಅವಳ ಮಾತು ಬರೆದುಕೊಳ್ಳಿ, ಪಕ್ಕದಲ್ಲಿ ಇಸವಿ ಹಾಕಿ. ಆಮೇಲೆ ನಿಮ್ಮ ಮನೆಯ ಪಹಣಿ ತೆಗೆದು ಅದರಲ್ಲಿ ಅವಳ ಹೆಸರು ಹುಡುಕಿ.